ಗುಡಿಯ ಎಡಕ್ಕೊಂದು ದೀಪ

ಸುವರ್ಣಮ್ಮನನ್ನು ಪಾಳಿಗೆ ಹಾಕಿಕೊಂಡ ದಿನವೇ ಮಕ್ಕಳು ಚಿತ್ರವನ್ನೂ ಪಾಳಿಗೆ ಹಾಕಿಕೊಂಡರು. ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ ಹೊಸಪೇಟೆಯಲ್ಲಿ ದೊಡ್ಡ ಮಗ ರೇವಣಸಿದ್ದನ ಮನೆ, ಅದರ ಮುಂದಿನದರವರೆಗೆ ಸಂಡೂರಿನಲ್ಲಿ ಸಣ್ಣ ಮಗ ವೀರೇಶನ ಮನೆ. ಮುದುಕಿಯ ಜೊತೆ ಒಂದು ಬಟ್ಟೆ ಚೀಲ, ಒಂದು ಮಾತ್ರೆ ಡಬ್ಬಿ, ಹಳೇ ಸೀರೆಯಲ್ಲಿ ಸುತ್ತಿದ ಕಟ್ಟಿನ ಚಿತ್ರ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಚಿತ್ರಕ್ಕೆ. ಅದರ ಪಕ್ಕದ್ದು ಮುದುಕಿಗೆ.

"ಇದಕ್ಕೂ ಟಿಕೆಟ್ ಹರಿಲೇನಮ್ಮಾ?" ಅಂತ ಕಂಡಕ್ಟರ್ ಒಮ್ಮೆ ಕೇಳಿದ್ದ.

"ಹೆಣ್ಣುಮಕ್ಕಳಿಗೆ ಫ್ರೀ ಅಲ್ಲೇನಪಾ? ಊರು ಅಂದ್ರ ತಾಯಿದ್ದಂಗ. ಹಾಕು ಫ್ರೀದಾಗ."

ಚಿತ್ರ ಹೊಸಪೇಟೆಯದ್ದು. ಈಗಿನದ್ದಲ್ಲ, ಅರವತ್ತು ವರ್ಷ ಹಿಂದಿನದ್ದು. ಸುವರ್ಣಮ್ಮನ ಗಂಡ ಕೊಟ್ರಯ್ಯ ಡ್ಯಾಮಿನ ಆಫೀಸಿನಲ್ಲಿ ಕಾಲುವೆಗಳ ನಕಾಶೆ ತೆಗೆಯುವ ಕೆಲಸದಲ್ಲಿದ್ದ. ನಕಾಶೆಗೆಂದು ಕೊಡುತ್ತಿದ್ದ, ಆ ಕಡೆ ಬರೆದದ್ದು ಈ ಕಡೆಗೂ ಕಾಣುವಂಥ ತೆಳು ಬಟ್ಟೆಯ ತುಂಡೊಂದನ್ನು ಹಿಡಿದು ಜಂಬುನಾಥನ ಗುಡ್ಡ ಹತ್ತಿ, ಅಲ್ಲಿಂದ ಕಾಣುವ ಊರನ್ನೆಲ್ಲ ಮಸಿಯಲ್ಲಿ ಬರೆದಿದ್ದ, ಬಣ್ಣವನ್ನೂ ತೆಳ್ಳಗೆ ಹಚ್ಚಿದ್ದ. ಮಣ್ಣಿನ ಮಾಳಿಗೆಗಳು, ನಡುವೆ ಗುಡಿಯ ಗೋಪುರ, ಅಂಚಿಗೆ ಬಾಳೆ ತೋಟ, ಕಬ್ಬು. ಬಲತುದಿಯಲ್ಲಿ ಒಂದು ಬೆಳ್ಳನೆಯ ಪಟ್ಟಿ. ಅದು ಬೆಳಗಿನ ಮಂಜು ಅಂತ ಸುವರ್ಣಮ್ಮ ಹೇಳುತ್ತಿದ್ದಳು. ಯಾವ ಗೆರೆಯೂ ಚೂಪಾಗಿರಲಿಲ್ಲ. ಒಲೆಯ ಹೊಗೆಯ ಆಚೆಯಿಂದ ನೋಡಿದ ಹಾಗೆ ಎಲ್ಲ ಮೆತ್ತಗೆ. ಇಷ್ಟು ಊರಿಗೆ ಒಂದೇ ಒಂದು ಕಿಟಕಿಗೆ ಅರಿಶಿನ ಬಣ್ಣ ಹಚ್ಚಿದ್ದ. ಅದು ಗೋಪುರದ ಎಡಕ್ಕಿತ್ತು. ಇವರ ಮನೆ ಇರುವುದೂ ಗುಡಿಯ ಎಡಕ್ಕೇ.

ಮದುವೆಯಾದ ಎರಡನೇ ವರ್ಷ ಟ್ರಂಕಿನ ತಳದಲ್ಲಿ ಅದರ ಸುರುಳಿ ಸಿಕ್ಕಿತ್ತು. ಗಂಡ ಕ್ಯಾಂಪಿಗೆ ಹೋಗಿದ್ದಾಗ ಸುವರ್ಣಮ್ಮನೇ ಬಜಾರಿನಲ್ಲಿ ಕೊಟ್ಟು ಕಟ್ಟು ಹಾಕಿಸಿ ಊಟದ ಪಡಸಾಲೆಯಲ್ಲಿ ತೂಗುಹಾಕಿದಳು. ಕೊಟ್ರಯ್ಯ ಬಂದ, ಕೈಕಾಲು ತೊಳೆದ, ಗೋಡೆ ನೋಡಿದ.

"ನಮ್ಮ ಮನಿಗೆ ದೀಪ ಹಚ್ಚೀರಿ. ನನಗ ಒಂದು ಮಾತು ಹೇಳಿಲ್ಲ ನೋಡ್ರಿ" ಅಂದಳು ಅವಳು.

ಅವನು ಬಹಳ ಹೊತ್ತು ನಿಂತು ನೋಡಿದ. ಬಾಯಿ ತೆರೆದ. ಆಮೇಲೆ ನಕ್ಕ. "ಹಸಿವಾಗೈತಿ, ಎಡಿ ಮಾಡು" ಅಂದ. ಅಷ್ಟೇ.

ಅವತ್ತಿನಿಂದ ಸುವರ್ಣಮ್ಮ ಉಂಡದ್ದೆಲ್ಲ ಆ ಚಿತ್ರದ ಎದುರಿಗೇ. ಗಂಡ ಸತ್ತ ಮೇಲೆ ಒಂದು ಹೊಸ ಅಭ್ಯಾಸ ಬಂತು: ಉಣ್ಣುತ್ತ ಉಣ್ಣುತ್ತ ಚಿತ್ರದೊಳಗೆ ಹೊಕ್ಕು ತಿರುಗಾಡಿ ಬರುವುದು. ದೊಡ್ಡ ಸೊಸೆ ಗಂಗಾಂಬಿಕಾಗೆ ಇದು ಹಿಡಿಸುತ್ತಿರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಮಗಳು. ಕೈ ಬಿರುಸು, ಮಾತೂ ಬಿರುಸು.

"ಅತ್ತಿ, ರೊಟ್ಟಿ ಆರ್ತಾವು. ಊರಾಗಿಂದ ಜಲ್ದಿ ಬರ್ರಿ."

"ಬಂದೆ, ಕಾಲುವಿ ದಾಟೀನಿ."

"ದಾಟಿದ್ರ ಒಂದು ಕಂತಿ ಪುಂಡಿಸೊಪ್ಪು ಹಿಡ್ಕೊಂಡ್ ಬರ್ರಿ ಮತ್ತ!"

ಸಂಡೂರಿನಲ್ಲಿ ಬೇರೆ. ಸಣ್ಣ ಸೊಸೆ ಪಂಪಾವತಿ ಪಾಪಿನಾಯಕನಹಳ್ಳಿಯ ಒಕ್ಕಲು ಮನೆಯವಳು. ಗಂಗಾಂಬಿಕಾಳ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗೆ. ವೀರೇಶ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವನು. ಮನೆಗೆ ಬಂದರೆ ಉಂಡು ಮಲಗುವುದೊಂದೇ. ಕಿಟಕಿ ತೆರೆದರೆ ಅದಿರಿನ ಕೆಂಪು ಧೂಳು. ಮಕ್ಕಳಿನ್ನೂ ಆಗಿರಲಿಲ್ಲ. ಪಂಪಾವತಿಗೆ ಒಂದು ತಿಂಗಳು ಮಾತಿಗೆ ಜನ, ಒಂದು ತಿಂಗಳು ಬರೀ ಟಿವಿ. ಅತ್ತೆ ಬಂದ ತಿಂಗಳು ಅವಳೂ ತಾಟು ಹಿಡಿದು ಚಿತ್ರದ ಎದುರಿಗೆ ಕೂರುತ್ತಿದ್ದಳು.

"ಇವತ್ತೆಲ್ಲಿಗೆ ಹೋಗಿದ್ರಿ ಅತ್ತಿ?"

"ಕಾಲುವಿ ಗುಂಟ ಬಂದೆ. ಇನ್ನೂ ಕತ್ತಲ ಐತಿ. ಕಬ್ಬಿನ ಬಂಡಿ ಒಂದರ ಹಿಂದ ಒಂದು. ಬಂಡಿಯವ್ರೆಲ್ಲ ಕುಂತಲ್ಲೇ ನಿದ್ದಿ ಹೊಡದಾರ, ಎತ್ತಿಗೆ ದಾರಿ ಗೊತ್ತೈತಿ."

"ಯಾರೂ ಮಾತಾಡ್ಸಲಿಲ್ಲೇನು?"

"ಎದ್ದವರ್ಯಾರು? ಗುಡಿ ಹಿಂದ ಒಬ್ಬಾಕಿ ಅಂಗಳಕ್ಕ ನೀರು ಹಾಕಾಕತ್ತಿದ್ಲು. ಆಮ್ಯಾಲ ನಮ್ಮ ದೀಪ ಕಂಡಿತು. ಹೊಳ್ಳಿ ಬಂದೆ."

ಪಂಪಾವತಿಗೆ ಆ ಊರಿನಲ್ಲಿ ಈಗ ಒಂದೆರಡು ಓಣಿ ಪರಿಚಯವಾಗಿದ್ದವು. ಅತ್ತೆ ಮಲಗಿದ ಮಧ್ಯಾಹ್ನ ತಾನೊಬ್ಬಳೇ ಹೋಗಿ ಬಂದದ್ದೂ ಉಂಟು. ಅದನ್ನು ಗಂಡನಿಗೆ ಹೇಳಿರಲಿಲ್ಲ.

ಶ್ರಾವಣದಲ್ಲಿ ಸಂಡೂರಿನ ಮನೆಯಲ್ಲಿ ಮೊಳೆ ಕಿತ್ತು ಚಿತ್ರ ಬಿತ್ತು. ಹೊಸ ಗೋಡೆ, ಸರಿಯಾಗಿ ಹಿಡಿದಿರಲಿಲ್ಲ. ಸುವರ್ಣಮ್ಮ ಬಚ್ಚಲಲ್ಲಿದ್ದಳು. ಗಾಜು ಪುಡಿ, ಕಟ್ಟು ಎರಡು ಕಡೆ ಮುರಿದಿತ್ತು. ಬಟ್ಟೆಗೆ ಏನೂ ಆಗಿರಲಿಲ್ಲ.

"ಏನವಾ ಸಪ್ಪಳ?"

"ಪಾತೇಲಿ ಬಿತ್ತು ಅತ್ತಿ!"

ಮುದುಕಿಗೆ ಪೂಜೆಗೆ ನೀರು, ವಿಭೂತಿ ಇಟ್ಟು, ಪಂಪಾವತಿ ಚಿತ್ರವನ್ನು ಸೀರೆಯಲ್ಲಿ ಸುತ್ತಿಕೊಂಡು ಬಜಾರಿಗೆ ಓಡಿದಳು. ಕಟ್ಟು ಹಾಕುವ ಮೌನೇಶ ದೇವರ ಫೋಟೋಗಳ ನಡುವೆ ಕುಳಿತು ಫೋನ್ ನೋಡುತ್ತಿದ್ದ.

"ನಾಳೆ ಬರ್ರಿ ಅಕ್ಕ."

"ನಾಳೆ ಅಂದ್ರ ನಾನು ಮನಿಗೇ ಹೋಗಂಗಿಲ್ಲ. ಇಲ್ಲೇ ಕುಂದರ್ತೀನಿ."

ಅವಳು ಕುಂತಳು. ಅವನು ಬಟ್ಟೆಯ ಎರಡೂ ಬದಿ ಒರೆಸಿದ, ಹೊಸ ಗಾಜು, ಹೊಸ ಕಟ್ಟು ಹಾಕಿದ, ಪೇಪರಿನಲ್ಲಿ ಸುತ್ತಿ ಕೊಟ್ಟ. ಬಿಚ್ಚಿ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ಮನೆಗೆ ಬಂದು ಬೇರೆ ಕಡೆ ಮೊಳೆ ಹೊಡೆದು ತೂಗುಹಾಕಿ, ಎರಡು ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಹಾಕಿ ತಾಟು ಇಟ್ಟಳು.

ಸುವರ್ಣಮ್ಮ ಕುಂತಳು. ರೊಟ್ಟಿ ಮುರಿದಳು. ತಲೆ ಎತ್ತಿದಳು. ತುತ್ತು ಕೈಯಲ್ಲೇ ಉಳಿಯಿತು.

"ಇದು ಯಾರ ಊರವಾ?"

ಪಂಪಾವತಿ ನೋಡಿದಳು. ಅದೇ ಮಾಳಿಗೆಗಳು, ಅದೇ ಗೋಪುರ. ಆದರೆ ಗೆರೆಗಳು ಕತ್ತರಿಸಿದ ಹಾಗೆ ಚೂಪು. ಹೊಗೆಯೆಲ್ಲ ಹಾರಿಹೋಗಿತ್ತು. ಅವಳಿಗೂ ಓಣಿಯ ಬಾಯಿ ಸಿಗಲಿಲ್ಲ.

"ಗಾಜು ಒಡೀತು ಅತ್ತಿ. ಹೊಸಾದು ಹಾಕ್ಸೀನಿ. ಗಾಜು ಸ್ವಚ್ಛ ಐತಲ್ಲ, ಅದಕ್ಕ ಹಂಗ ಕಾಣ್ತೈತಿ."

"ಗಾಜಿನ ಮಾತಲ್ಲ. ನನ್ನ ದೀಪ ಎಲ್ಲಿ?"

ದೀಪ ಇತ್ತು. ಗೋಪುರದ ಬಲಕ್ಕೆ.

ಆ ತಿಂಗಳ ಉಳಿದ ದಿನಗಳಲ್ಲಿ ಸುವರ್ಣಮ್ಮ ಅರ್ಧ ರೊಟ್ಟಿಗೆ ಸಾಕು ಅಂದಳು. ಬೈಯಲಿಲ್ಲ. ಚಿತ್ರಕ್ಕೆ ಬೆನ್ನು ಹಾಕಿ ಕುಂತು ಉಂಡಳು.

ಅಮಾವಾಸ್ಯೆಯ ಮರುದಿನ ಹೊಸಪೇಟೆಯ ಮನೆಯಲ್ಲಿ ಪಂಪಾವತಿ ಚಿತ್ರದ ಸುತ್ತಲಿನ ಸೀರೆ ಬಿಚ್ಚಿದ ಕೂಡಲೇ ಗಂಗಾಂಬಿಕಾ ಸೊಂಟದ ಮೇಲೆ ಕೈ ಇಟ್ಟಳು. "ಇದು ಅದಲ್ಲ."

"ಅದೇ ಇದು ಅಕ್ಕ. ಕಟ್ಟು ಅಷ್ಟ ಹೊಸಾದು."

"ನಾನು ಈ ಮನಿಗೆ ಬಂದು ಇಪ್ಪತ್ತೈದು ವರ್ಷ ಆತು. ದಿನಾ ಒರೆಸೀನಿ ಇದನ್ನ. ಹಂಪಿ ಕಡಿ ರೆಸಾರ್ಟಿನವ್ರು ಹಳೇ ಬಾಗಿಲ, ಹಳೇ ಕಂಬ, ಹಳೇ ಚಿತ್ರ ಅಂತ ಮನಿ ಮನಿ ತಿರಗಾಕತ್ಯಾರ. ಯಾರಿಗೆ ಕೊಟ್ಟಿ ಹೇಳು."

"ಅಕ್ಕಾ!"

"ಕೊಟ್ಟು, ನೋಡ್ಕೊಂಡು ಒಂದು ನಕಲು ಬರಸೀರಿ. ಅದೂ ನೆಟ್ಟಗ ಬರಿಯಾಕ ಬಂದಿಲ್ಲ."

ರೇವಣಸಿದ್ದ ಆಗಷ್ಟೇ ಅಂಗಡಿಯಿಂದ ಬಂದಿದ್ದ. ಪಂಪು ಮೋಟಾರಿನ ಎಣ್ಣೆ ಹತ್ತಿದ ಕೈ. ಚಿತ್ರ ನೋಡಿದ, ತಾಯಿಯ ಮುಖ ನೋಡಿದ. ಕೆನ್ನೆ ಇಳಿದಿದ್ದವು.

"ಅವ್ವ, ಊಟ ಮಾಡಿದ್ಯಲ್ಲ ಅಲ್ಲಿ?"

"ಮಾಡೀನಪಾ. ಪಂಪಾ ಚಲೋ ಮಾಡಿ ಹಾಕ್ಯಾಳ."

"ಹಂಗಾರ ಯಾಕ ಹಿಂಗಾಗೀದಿ?" ಅವನು ಫೋನ್ ತೆಗೆದು ತಮ್ಮನಿಗೆ ಹಚ್ಚಿದ. "ಲೇ ವೀರೇಶ, ಇನ್ನ ಮುಂದ ಅವ್ವ ಇಲ್ಲೇ ಇರ್ತಾಳ. ಪಾಳಿ ಇಲ್ಲ, ಗೀಳಿ ಇಲ್ಲ. ಅಪ್ಪನ ಚಿತ್ರ ಎಲ್ಲೈತಿ, ಅದನ್ನ ತರೋ ಮಟ ಈ ಮನಿಗೆ ಬರಬ್ಯಾಡ್ರಿ."

ಪಂಪಾವತಿ ನೀರೂ ಕುಡಿಯದೆ ಬಸ್ ಸ್ಟ್ಯಾಂಡಿಗೆ ನಡೆದಳು. ಸುವರ್ಣಮ್ಮ "ಪಂಪಾ" ಅಂತ ಕರೆದಳು. ಅಷ್ಟೊತ್ತಿಗೆ ಗಂಗಾಂಬಿಕಾ ಬಾಗಿಲು ಹಾಕಿದ್ದಳು.

ಆ ತಿಂಗಳು ಎರಡೂ ಮನೆಯಲ್ಲಿ ಊಟ ಸರಿಯಾಗಲಿಲ್ಲ. ಸಂಡೂರಿನಲ್ಲಿ ವೀರೇಶ ತಾಟಿನ ಮುಂದೆ ಕುಳಿತು, "ಖರೇನ ಮಾರಿಲ್ಲಲ್ಲ ನೀನು?" ಅಂತ ಒಂದೇ ಸಲ ಕೇಳಿದ. ಪಂಪಾವತಿ ಅವನ ಮುಂದಿನ ತಾಟು ಎತ್ತಿಕೊಂಡು ಒಳಗೆ ಹೋದಳು. ಹೊಸಪೇಟೆಯಲ್ಲಿ ಗಂಗಾಂಬಿಕಾ ಅತ್ತೆಗೆ ಇಷ್ಟವೆಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿದಳು; ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿದಳು. ಸುವರ್ಣಮ್ಮ ತಿಂದಳು. ತಿಂದ ಮೇಲೆ ಏನು ತಿಂದೆ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

"ಊರಿಗೆ ಹೋಗ್ರಿ ಅತ್ತಿ, ಒಂದು ಸುತ್ತು ಹಾಕ್ಕೊಂಡ್ ಬರ್ರಿ" ಅಂದಳು ಒಂದಿನ ಗಂಗಾಂಬಿಕಾ. ಆಡಿಕೊಳ್ಳಲು ಅಲ್ಲ, ನಿಜವಾಗಿಯೇ ಅಂದಳು.

"ಎಲ್ಲಿಗೆ ಹೋಗ್ಲವಾ. ನೀನ ಹೇಳೀದಿ, ನಕಲು ಅಂತ."

ರೇವಣಸಿದ್ದನ ಮಗಳು ಶಾಂಭವಿ ಬಿ.ಎಡ್. ಓದುತ್ತಿದ್ದಳು. ಅಮ್ಮ ಮತ್ತು ಅಜ್ಜಿ ಇಬ್ಬರ ಮಾತೂ ಕೇಳಿಸದ ಹಾಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುತ್ತಿದ್ದಳು.

ಮುಂದಿನ ಅಮಾವಾಸ್ಯೆಗೆ ಯಾರೂ ಕರೆಯದೆ ಪಂಪಾವತಿ ಬಂದಳು. ಹಿಂದೆ ವೀರೇಶ, ರಜೆ ಹಾಕಿ. ಅವಳು ಚಪ್ಪಲಿ ಬಿಟ್ಟವಳೇ ಗೋಡೆಯ ಮೇಲಿನ ಚಿತ್ರ ಇಳಿಸಿಕೊಂಡು ಒಳಕೋಣೆಗೆ ಒಯ್ದಳು.

"ಏನ್ ಮಾಡ್ತಿ? ಇಡು ಅದನ್ನ!"

"ಹಗಲ ಬೆಳಕಿಗೆ ನೋಡ್ರಿ ಅಕ್ಕ. ಮೂಲ್ಯಾಗ ಮಾವನ ಹೆಬ್ಬೆಟ್ಟಿನ ಮಸಿ ಐತಿ. ಹಳೇದ್ರಾಗೂ ಇತ್ತು. ನಕಲು ಮಾಡಾಂವ ಹೆಬ್ಬೆಟ್ಟೂ ನಕಲು ಮಾಡ್ತಾನೇನು?"

ಚಿತ್ರವನ್ನು ಮಂಚದ ಮೇಲೆ ಗೋಡೆಗೆ ಆನಿಸಿ ನಿಲ್ಲಿಸಿದಳು. ಎದುರಿಗೆ ಗಂಗಾಂಬಿಕಾಳ ಮದುವೆಯ ಬೀರು, ಅದಕ್ಕೆ ಆಳೆತ್ತರದ ಕನ್ನಡಿ. ಎಲ್ಲರೂ ಬಗ್ಗಿ ಹೆಬ್ಬೆಟ್ಟು ಹುಡುಕುತ್ತಿರುವಾಗ ಸುವರ್ಣಮ್ಮ ಮಾತ್ರ ಬೀರುವಿನ ಕಡೆ ತಿರುಗಿ ನಿಂತಿದ್ದಳು.

"ಇಲ್ಲೈತಲ್ಲ ನನ್ನ ಊರು" ಅಂದಳು.

ಕನ್ನಡಿಯೊಳಗೆ ಅದೇ ಹಳೆಯ ಊರಿತ್ತು. ಬಲಕ್ಕೆ ಮಂಜು. ಗುಡಿಯ ಎಡಕ್ಕೆ ದೀಪ. ಪಾದರಸ ಮಾಸಿದ ಹಳೇ ಕನ್ನಡಿ, ಹೊಗೆ ಕೂಡ ಇತ್ತು. ಸುವರ್ಣಮ್ಮ ಕೈ ಚಾಚಿ ಕನ್ನಡಿ ಮುಟ್ಟಿದಳು. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

ಶಾಂಭವಿ ಇಯರ್‌ಫೋನ್ ತೆಗೆದಳು. "ಅಪ್ಪ, ಬಟ್ಟಿ ಹೊಳ್ಳಿಸಿ ಹಾಕ್ಯಾರ, ಅಷ್ಟ. ಹಿಂದಿನ ಬದಿ ಮುಂದ ಬಂದೈತಿ."

ವೀರೇಶ ಮೌನೇಶನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದ. "ಮಸಿ ಇರೋ ಬದಿ ಮುಂದ ಇಟ್ಟೀನಿ ಅಣ್ಣ. ಬಣ್ಣದ ಬದಿ ಹಿಂದ. ನಕಾಶಿ ಬಟ್ಟಿ ಅಂದ್ರ ಹಂಗ ಅಲ್ಲೇನು, ಗೆರಿ ಮುಂದ ಎಳೀತಾರ, ಬಣ್ಣ ಹಿಂದ ಹಚ್ತಾರ? ಯಾಕ, ಏನಾತು?"

ಗಂಗಾಂಬಿಕಾ ಅಷ್ಟಕ್ಕೆ ಬಿಡಲಿಲ್ಲ. ಒಂದು ತಿಂಗಳು ಹೊತ್ತುಕೊಂಡಿದ್ದ ಮಾತನ್ನು ಇಳಿಸುವುದು ಸುಲಭವಲ್ಲ. "ಅಂವ ನಿಮ್ಮ ಊರಾಂವ, ನಿಮ್ಮ ಕಡೀನ ಹೇಳ್ತಾನ. ನಕಲು ಮಾಡಾಂವ ಹಿಂದಿನಿಂದ ಗೀಚಿದ್ರೂ ಉಲ್ಟಾನ ಬರ್ತೈತಿ. ಇದು ಉಲ್ಟಾ ಐತಿ. ಮೊದಲಿಂದು ನೆಟ್ಟಗಿತ್ತು."

"ಯಾವುದು ನೆಟ್ಟಗ, ಯಾವುದು ಉಲ್ಟಾ, ಮನ್ಯಾಗ ಕುಂತು ಹೆಂಗ ಹೇಳ್ತೀರಿ ಅಕ್ಕ?" ಪಂಪಾವತಿ ಚಿತ್ರ ಎತ್ತಿಕೊಂಡಳು. "ಗುಡ್ಡಕ್ಕ ನಡೀರಿ. ಮಾವ ಕುಂತು ಬರದ ಜಾಗಕ್ಕ. ನಾನು ಕಳ್ಳಿ ಹೌದೋ ಅಲ್ಲೋ, ಊರ ಹೇಳ್ಲಿ. ಹೌದಾದ್ರ ನಾನು ಈ ಹೊಸ್ತಿಲ ತುಳಿಯಂಗಿಲ್ಲ. ಅಲ್ಲಾದ್ರ ನಾಳೆ ಅತ್ತಿನ ಕರ್ಕೊಂಡು ಹೋಗ್ತೀನಿ."

"ಅಮಾವಾಸಿ ದಿನ ಗುಡ್ಡಕ್ಕೇನು?" ಅಂದ ರೇವಣಸಿದ್ದ.

"ಜಂಬುನಾಥನ ಗುಡ್ಡಕ್ಕ ಅಮಾವಾಸಿ ಎಲ್ಲೀದೋ" ಅಂದಳು ಸುವರ್ಣಮ್ಮ. ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಎರಡು ಆಟೋ ಮಾಡಿಕೊಂಡು ಹೋದರು. ಗಂಗಾಂಬಿಕಾ ಜಗಳವೇ ಇರಲಿ, ಬುತ್ತಿ ಇಲ್ಲದೆ ಗುಡ್ಡಕ್ಕೆ ಹೋಗುವವಳಲ್ಲ: ರೊಟ್ಟಿ, ಹಿಂಡಿ, ಮೊಸರು ಕಟ್ಟಿಕೊಂಡಳು. ಆಟೋ ಹೋಗುವಷ್ಟು ಹೋಯಿತು, ಆಮೇಲೆ ಮೆಟ್ಟಿಲು. ಸುವರ್ಣಮ್ಮ ಕುಂತು ಕುಂತು ಏರಿದಳು. ಒಂದು ತೋಳಿಗೆ ದೊಡ್ಡ ಮಗ, ಇನ್ನೊಂದಕ್ಕೆ ಸಣ್ಣ ಮಗ. ಇಬ್ಬರೂ ಪರಸ್ಪರ ಮಾತಾಡಲಿಲ್ಲ. ಆದರೆ ಹೆಜ್ಜೆ ಒಟ್ಟಿಗೇ ಇಡಬೇಕಾಯಿತು.

ಒಂದು ದೊಡ್ಡ ಬಂಡೆಯ ಮೇಲೆ ಅವಳನ್ನು ಕೂರಿಸಿದಾಗ ಹೊತ್ತು ಇಳಿಯುತ್ತಿತ್ತು. ಕೆಳಗೆ ಹೊಸಪೇಟೆ. ಮಾಳಿಗೆಗಳು ಹೋಗಿ ಸಿಮೆಂಟಿನ ಅಂತಸ್ತುಗಳು ಬಂದಿದ್ದವು. ನೀರಿನ ಟ್ಯಾಂಕುಗಳು, ಟವರುಗಳು, ಲಾಡ್ಜಿನ ಬೋರ್ಡುಗಳು. ಆದರೂ ಗೋಪುರ ಎಲ್ಲಿತ್ತೋ ಅಲ್ಲೇ ಇತ್ತು. ಬಾಳೆ ತೋಟ ಒಂದಿಷ್ಟು ಉಳಿದಿತ್ತು. ಶಾಂಭವಿ ಚಿತ್ರವನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಳು. ಎಲ್ಲರೂ ಒಮ್ಮೆ ಚಿತ್ರ, ಒಮ್ಮೆ ಊರು ನೋಡಿದರು.

ಎಡತುದಿಯಲ್ಲಿ ಬೆಳ್ಳನೆಯ ಪಟ್ಟಿ. ಚಿತ್ರದಲ್ಲೂ ಎಡಕ್ಕೆ, ಊರಿನಲ್ಲೂ ಎಡಕ್ಕೆ. ಅದು ಮಂಜಾಗಿರಲಿಲ್ಲ. ಡ್ಯಾಮಿನ ನೀರು.

"ಡ್ಯಾಮ್" ಅಂದ ವೀರೇಶ. "ಅಣ್ಣ, ಅಪ್ಪ ಡ್ಯಾಮಿನಾಗ ಕೆಲಸ ಮಾಡಿ ಡ್ಯಾಮನ್ನ ಬರದಿಲ್ಲಂತ ಆಡ್ಕೊಂತಿದ್ವಲ್ಲ ನಾವು."

ರೇವಣಸಿದ್ದ ಹೌದೆಂದು ತಲೆಯಾಡಿಸಿದ. ತಿಂಗಳ ಮೇಲೆ ತಮ್ಮನಿಗೆ ಕೊಟ್ಟ ಮೊದಲ ಉತ್ತರ ಅದು. ಹೊಸ ಕಟ್ಟಿನ ಚಿತ್ರವೇ ನೆಟ್ಟಗಿತ್ತು. ಐವತ್ತು ವರ್ಷ ಗೋಡೆಯ ಮೇಲಿದ್ದದ್ದು ಉಲ್ಟಾ. ಅವತ್ತು ಬಜಾರಿನ ಕಟ್ಟಿನವನು ಬಣ್ಣ ಚೆನ್ನಾಗಿ ಕಂಡ ಬದಿಯನ್ನೇ ಮುಂದಿಟ್ಟಿದ್ದ. ಬಟ್ಟೆಯ ಆಚೆ ಬದಿಯ ಗೆರೆಗಳು ಈಚೆಗೆ ಹೊಗೆಯ ಹಾಗೆ ಕಂಡಿದ್ದವು.

"ಹಂಗಾರ ನಮ್ಮ ಮನಿ?" ಅಂದಳು ಶಾಂಭವಿ. "ನಮ್ಮ ಮನಿ ಗುಡಿ ಎಡಕ್ಕ, ಅಲ್ಲಿ. ಚಿತ್ರದಾಗ ದೀಪ ಬಲಕ್ಕೈತಿ. ಅದು ಯಾರ ಮನಿ ಅಜ್ಜಿ?"

ಯಾರೂ ತಾಯಿಯ ಮುಖ ನೋಡಲಿಲ್ಲ. ಗಂಡಸು ಹರೆಯದಲ್ಲಿ ಇಡೀ ಊರು ಬರೆದು ಒಂದೇ ಕಿಟಕಿಗೆ ದೀಪ ಹಚ್ಚಿದ್ದಾನೆ, ಅದು ಹೆಂಡತಿಯ ಮನೆಯಲ್ಲ ಅಂದರೆ ಕೇಳುವ ಮಾತೂ ಅಲ್ಲ. ಗಂಗಾಂಬಿಕಾ ಮಗಳ ತೋಳು ಚಿವುಟಿದಳು.

ಸುವರ್ಣಮ್ಮ ಚಿತ್ರವನ್ನು ತೊಡೆಯ ಮೇಲೆ ಇಡಿಸಿಕೊಂಡು, ಗುಡಿಯ ಬಲಕ್ಕೆ ಬೆರಳಿಟ್ಟು ಓಣಿ ಎಣಿಸಿದಳು. ಬೆರಳು ನಿಂತಿತು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಅಂತ ಇಬ್ಬರು ಮಕ್ಕಳೂ ಬಗ್ಗಿದರು. ಅವಳು ನಗುತ್ತಿದ್ದಳು.

"ಮುದುಕಮ್ಮನ ಖಾನಾವಳಿ" ಅಂದಳು. "ಮದುವಿಗೆ ಮುಂಚೆ ನಿಮ್ಮಪ್ಪ ಚೋರನೂರಿಂದ ಬಂದು ಖೋಲಿ ಮಾಡಿದ್ದ, ಎರಡ ಹೊತ್ತು ಅಲ್ಲೇ ಉಣ್ತಿದ್ದ. ಆಕಿ ರೊಟ್ಟಿ ಹೊಗಳಿ ಹೊಗಳಿ ನನ್ನ ಹೊಟ್ಟಿ ಉರಿಸಿದ್ದ. ಸಂಜೀ ಮಟ ಗುಡ್ಡದ ಮ್ಯಾಲ ಕುಂತು ಬರದಾನ. ಹಸಿವಾಗೈತಿ. ಕಾಣೂದು ಏನು? ಖಾನಾವಳಿ!"

"ಅಪ್ಪ ಆವಾಗ ನಿನಗ ಹೇಳ್ಲಿಲ್ಲ?"

"ಹೇಳಾಕ ಬಾಯಿ ತಗದಿದ್ದ. ನಾನು ನಮ್ಮ ಮನಿ ದೀಪ ಅಂದೆ. ಬಾಯಿ ಮುಚ್ಚಿದ." ನಗು ನಿಂತಿತು. ಸೆರಗಿನಿಂದ ಗಾಜು ಒರೆಸಿದಳು. "ಸಾಯೋ ಮಟ ನನ್ನ ಮಗ್ಗಲ ಕುಂತು, ಉಲ್ಟಾ ಊರು ನೋಡ್ಕೋತ ಉಂಡ. ಒಂದಿನ ಉಲ್ಟಾ ಅನ್ನಲಿಲ್ಲ ನೋಡು ಆ ಮನುಷ್ಯ."

ಡ್ಯಾಮಿನ ನೀರು ಕೆಂಪಾಗಿ, ಆಮೇಲೆ ಬೂದುಬಣ್ಣಕ್ಕೆ ತಿರುಗಿತು. ಗುಡಿಯ ಕಡೆಯಿಂದ ಗಂಟೆ ಕೇಳಿಸಿತು, ಅಥವಾ ಕೇಳಿಸಿದ ಹಾಗಾಯಿತು. ಕೆಳಗೆ ಒಂದು ದೀಪ ಹತ್ತಿತು. ಯಾವ ಮನೆ ಅಂತ ಹೇಳುವಷ್ಟರಲ್ಲಿ ಇನ್ನೊಂದು, ಹತ್ತು, ನೂರು. ಕಟ್ಟಡಗಳ ಅಂಚು ಕರಗಿ ಊರು ಮೆತ್ತಗಾಗುತ್ತ ಹೋಯಿತು. ಆರು ಜನ ಬಂಡೆಯ ಮೇಲೆ ಸಾಲಾಗಿ ಕುಳಿತು ನೋಡಿದರು.

ಗಂಗಾಂಬಿಕಾ ಬುತ್ತಿ ಬಿಚ್ಚಿದಳು. ಆ ಮನೆಯಲ್ಲಿ ಮೊದಲ ರೊಟ್ಟಿ ಅತ್ತೆಗೆ, ಎರಡನೆಯದು ಗಂಡನಿಗೆ. ಅವತ್ತು ಮೊದಲ ರೊಟ್ಟಿಗೆ ಹಿಂಡಿ ಹಚ್ಚಿ ಪಂಪಾವತಿಯ ಮುಂದೆ ಹಿಡಿದಳು. ಮುಖ ಮಾತ್ರ ಊರಿನ ಕಡೆಗಿತ್ತು.

"ತಗೋ. ಮುಂಜಾನಿಂದ ಏನೂ ತಿಂದಿಲ್ಲ ನೀನು."

ಪಂಪಾವತಿ ತಕ್ಷಣ ಕೈ ಚಾಚಲಿಲ್ಲ. "ಕಳ್ಳಿಗೆ ಮೊದಲ ರೊಟ್ಟಿ ಕೊಡ್ತೀರೇನಕ್ಕ?"

"ಕೊಡೋ ಮುಂದ ತಗೋಬೇಕು. ಕೈ ನೋಯ್ತಾವು."

ಪಂಪಾವತಿ ರೊಟ್ಟಿ ತಗೊಂಡಳು. ಅರ್ಧ ಮುರಿದು ಅತ್ತೆಗೆ ಕೊಟ್ಟಳು. ಸುವರ್ಣಮ್ಮ ಅದನ್ನು ಪೂರಾ ತಿಂದು ಇನ್ನೊಂದು ಕೇಳಿದಳು.

ಮರುದಿನ ಹೊಸಪೇಟೆ ಬಸ್ ಸ್ಟ್ಯಾಂಡಿಗೆ ಗಂಗಾಂಬಿಕಾಳೇ ಚಿತ್ರ ಹೊತ್ತು ತಂದಳು. ಕಟ್ಟು ಬಿಚ್ಚಿಸಿ ಬಟ್ಟೆಯನ್ನಷ್ಟೇ ಸುರುಳಿ ಮಾಡಿದ್ದಳು. ಮೌನೇಶನ ಹತ್ತಿರ ಮತ್ತೆ ಉಲ್ಟಾ ಹಾಕಿಸಬೇಕು, ಅದು ಅತ್ತೆಯ ಅಪ್ಪಣೆ. "ನೆಟ್ಟಗಿಂದು ನೋಡ್ಬೇಕಂದ್ರ ಗುಡ್ಡ ಐತಿ, ಕನ್ನಡಿ ಐತಿ" ಅಂದಿದ್ದಳು ಸುವರ್ಣಮ್ಮ.

"ಗಾಜು ಗಟ್ಟಿದು ಹಾಕ್ಸು. ಮೊಳಿ ವೀರೇಶಪ್ಪನ ಕೈಲಿ ಹೊಡಸು, ನೀ ಹೊಡಿಬ್ಯಾಡ" ಅಂತ ಹೇಳಿ ಗಂಗಾಂಬಿಕಾ ಬಸ್ಸಿನಿಂದ ಇಳಿದಳು.

ಬಸ್ಸು ಸಂಡೂರಿನ ಗುಡ್ಡಗಳ ನಡುವೆ ಹೊಕ್ಕಿತು. ಎದುರಿಗೆ ಅದಿರಿನ ಲಾರಿಗಳ ಸಾಲು. ಸಂಜೆ ಬಿಸಿಲು ಕೆಂಪು ಧೂಳಿನಲ್ಲಿ ತೂಗುತ್ತಿತ್ತು. ವೀರೇಶ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದ.

"ಬಿಚ್ಚು ಪಂಪಾ, ಒಮ್ಮೆ ನೋಡೋಣು."

ಪಂಪಾವತಿ ಸುರುಳಿ ಬಿಚ್ಚಿ ಕಿಟಕಿಗೆ ಅಡ್ಡ ಹಿಡಿದಳು. ಬಿಸಿಲು ಬಟ್ಟೆಯನ್ನು ಹಾದು ಬಂತು. ಮಾಳಿಗೆಗಳು ಒಳಗಿನಿಂದ ಬೆಳಗಿದವು. ಬಸ್ಸು ಅಲುಗಿದ ಹಾಗೆ ಊರು ಉಸಿರಾಡಿತು. ಕಿಟಕಿಯ ಆಚೆಯ ಲಾರಿಗಳ ನೆರಳುಗಳು ಕಬ್ಬಿನ ಬಂಡಿಗಳ ಹಾಗೆ ಒಂದರ ಹಿಂದೊಂದು ಆ ಊರಿನ ಓಣಿಗಳಲ್ಲಿ ಹಾದುಹೋದವು.

"ಯಾವ ಬದಿ ಹಿಡಿದೀದಿ ಇದು? ನೆಟ್ಟಗೋ, ಉಲ್ಟಾನೋ?"

ಪಂಪಾವತಿ ಬಟ್ಟೆಯ ಈಚೆ ನೋಡಿದಳು, ಆಚೆ ನೋಡಿದಳು. ಎರಡೂ ಬದಿಗೆ ಅದೇ ಬೆಳಕು.

"ತಿಳಿವಲ್ದು ಅತ್ತಿ."

"ಹಂಗ ಹಿಡ್ಕೋ ಮತ್ತ" ಅಂದಳು ಸುವರ್ಣಮ್ಮ. ಸೀಟಿಗೆ ಒರಗಿ, ಕಣ್ಣು ಅರ್ಧ ಮುಚ್ಚಿದಳು. "ಕಾಲುವಿ ಹತ್ರ ಅದೀನಿ. ನೀನೂ ಬಾ, ಜಲ್ದಿ. ಖಾನಾವಳಿ ಮುಚ್ಚಿಗಿಚ್ಚಾರು."